ಸಂಗಮದಲ್ಲಿದ್ದ ಹೆಂಗಸು

"ಎಲ್ಫ್ರೀಡಕ್ಕ, ನಿಮ್ಮ ಯಜಮಾನರು ಕೆತ್ತಿದ ದೀಪದ ಕಮಾನು ನೋಡ್ಕೊಂಡು ಬಂದೆ ಕಣ್ರೀ! ಎಲ್ಬೆ ನದಿ ದಡದ ಹೊಸ ಜಿಲ್ಲಾ ಕಚೇರೀಲಿ, ಬಾಗಿಲಲ್ಲೇ ಇಟ್ಟಿದ್ದಾರೆ. ಅದರಲ್ಲಿರೋ ಹಬೆ ಹಡಗಂತೂ ಎಷ್ಟು ಮುದ್ದಾಗಿದೆ ಅಂತೀರಿ!"

ಬೇಕರಿಯ ಮಾರ್ಲೀಸ್ ಕ್ರಿಸ್‌ಮಸ್ಸಿನ ಸ್ಟೋಲನ್ ರೊಟ್ಟಿಯ ಮೇಲೆ ಸಕ್ಕರೆ ಪುಡಿ ಜರಡಿಯಾಡಿಸುತ್ತಾ ಹೇಳಿದ ಮಾತಿದು. ಎಲ್ಫ್ರೀಡ ಚೀಲ ಹಿಡಿದು ನಿಂತಲ್ಲೇ ನಿಂತಳು.

"ಯಾವ ಹಡಗು?"

"ಮಧ್ಯದಲ್ಲಿ ಇದೆಯಲ್ರೀ, ಹೊಗೆ ಬಿಡ್ತಾ."

"ನಮ್ಮವರ ಕಮಾನಲ್ಲಿ ಹಡಗಿಲ್ಲ ಮಾರ್ಲೀಸ್. ನಮ್ಮ ಹೊಳೇಲಿ ಹಡಗು ಬಿಟ್ರೆ ಬಾತುಕೋಳಿ ಕಾಲಿಗೆ ಸಿಕ್ಕೊಳ್ಳುತ್ತೆ."

"ನಾನೇನು ಕುಡಿದು ಹೋಗಿದ್ನಾ? ಕಣ್ಣಾರೆ ಕಂಡೆ." ಮಾರ್ಲೀಸ್ ಜರಡಿಯನ್ನು ಮೇಜಿಗೆ ಕುಟ್ಟಿದಳು. "ನಿಮ್ಮ ಮೈದುನನ್ನೇ ಕೇಳಿ. ಅವರೇ ಅಲ್ಲಿ ನಿಂತು ಬಂದೋರಿಗೆಲ್ಲ ತೋರಿಸ್ತಿದ್ರು."

ಎಲ್ಫ್ರೀಡ ರೊಟ್ಟಿ ತೆಗೆದುಕೊಂಡು ಮನೆಗೆ ಬಂದಳು. ಮೈದುನ ಸೀಗ್ಮಾರ್ ತಿಂಗಳ ಹಿಂದೆ ಹೇಳಿದ್ದು ಬೇರೆಯೇ. "ಕಮಾನಿನ ತಂತಿ ಹಳೇದಾಗಿದೆ ಅತ್ತಿಗೆ, ಬೆಂಕಿ ಗಿಂಕಿ ಹತ್ಕೊಂಡೀತು. ರಿಪೇರಿಗೆ ಕೊಟ್ಟಿದ್ದೀನಿ. ಈ ವರ್ಷ ಆಗಲ್ಲ, ಬರೋ ವರ್ಷ ನಿಮ್ಮ ಮನೇಲೇ ಉರಿಯುತ್ತೆ," ಎಂದಿದ್ದ. ಅವಳು ನಂಬಿದ್ದಳು. ಗಂಡನ ತಮ್ಮ, ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನನ್ನು ನಂಬದೆ ಇನ್ನಾರನ್ನು ನಂಬುವುದು?

ಆ ಕಮಾನಿನ ಹುಟ್ಟು ಜಿಲ್ಲೆಯ ಹುಟ್ಟಿನ ಜೊತೆಗೇ ಆದದ್ದು. ಎರಡು ಜರ್ಮನಿ ಒಂದಾದ ಮೇಲೆ, ತೊಂಬತ್ತನಾಲ್ಕರಲ್ಲಿ, ನಮ್ಮ ಕಡೆಯ ಎರಡು ಪುಟ್ಟ ಜಿಲ್ಲೆಗಳನ್ನೂ ಒಂದು ಮಾಡಿದರು. ಮೇಲೆ ಗುಡ್ಡದ ಮೇಲಿನ ಡಿಪ್ಸ್ ಪೇಟೆಯವರು, ಮರ ಕೆತ್ತುವವರು, ದನ ಕಟ್ಟುವವರು. ಕೆಳಗೆ ಫ್ರೈಟಾಲಿನವರು, ಕಲ್ಲಿದ್ದಲಿನವರು, ಉಕ್ಕಿನ ಕಾರ್ಖಾನೆಯವರು. ಇವರ ಹೆಸರಿಟ್ಟರೆ ಅವರಿಗೆ ಉರಿ, ಅವರ ಹೆಸರಿಟ್ಟರೆ ಇವರಿಗೆ ಉರಿ. ಕೊನೆಗೆ ಎರಡೂ ಕಡೆ ಹರಿಯುವ ಹೊಳೆಯ ಹೆಸರನ್ನೇ ಇಟ್ಟರು: ವೈಸರಿಟ್ಸ್ ಜಿಲ್ಲೆ.

"ಸರಿಯಾಗಿದೆ," ಎಂದಿದ್ದ ಎಲ್ಫ್ರೀಡಳ ಗಂಡ ಲೋತರ್. "ಯಾರಿಗೂ ಬೇಜಾರಿಲ್ಲ. ಹೊಳೇನ ಮಾತ್ರ ಯಾರೂ ಕೇಳಲಿಲ್ಲ."

ಆ ಚಳಿಗಾಲವೆಲ್ಲ ಕೂತು ಅವನು ಹೊಸ ಜಿಲ್ಲೆಗೆಂದು ಒಂದು ದೊಡ್ಡ ಕಮಾನು ಕೆತ್ತಿದ. ನಮ್ಮ ಗುಡ್ಡದ ಮನೆಗಳಲ್ಲೆಲ್ಲ ಕ್ರಿಸ್‌ಮಸ್ಸಿಗೆ ಕಿಟಕಿಯಲ್ಲಿ ಇಡುತ್ತೇವಲ್ಲ, ಬಾಗಿದ ಮರದ ಮೇಲೆ ದೀಪಗಳ ಸಾಲು, ಒಳಗೆ ಕೆತ್ತಿದ ಗೊಂಬೆಗಳು, ಅಂಥದೇ, ಆದರೆ ಆಳೆತ್ತರದ್ದು. ಹೊಳೆಯ ಎರಡು ಕವಲು, ಎಡಗಡೆಯಿಂದ ಕೆಂಪು ವೈಸರಿಟ್ಸ್, ಬಲಗಡೆಯಿಂದ ಕಾಡು ವೈಸರಿಟ್ಸ್, ಎರಡೂ ಬಂದು ನಡುವೆ ಕೂಡುತ್ತಿದ್ದವು. ಎಡದಂಡೆಯ ಮೇಲೆ ಫರ್ ಮರಗಳು, ಮರ ಕೆತ್ತುವವನು. ಬಲದಂಡೆಯ ಮೇಲೆ ಕುಲುಮೆ, ಉಕ್ಕಿನಾಳು. ಎರಡು ನೀರು ಸೇರುವ ಜಾಗದಲ್ಲಿ, ಹೆಬ್ಬೆರಳ ಗಾತ್ರದ ಒಬ್ಬ ಹೆಂಗಸು, ಲಂಗ ಮೇಲಕ್ಕೆ ಸಿಕ್ಕಿಸಿ, ಬಕೆಟ್ ಹಿಡಿದು ನೀರಿಗೆ ಬಗ್ಗಿದ್ದಳು.

ಅವಳು ಯಾರೆಂದು ಮನೆಯವರಿಗೆ ಮಾತ್ರ ಗೊತ್ತು. ಎಲ್ಫ್ರೀಡ ಕೆಳಗಿನ ಉಕ್ಕಿನವರ ಮಗಳು. ಮರ ಮಾರಲು ಇಳಿದು ಬಂದಿದ್ದ ಲೋತರ್ ಅವಳನ್ನು ಮೊದಲು ಕಂಡದ್ದು ಆ ಸಂಗಮದಲ್ಲಿ, ಬಕೆಟ್ಟಿನ ಸಮೇತ. "ಜಿಲ್ಲೆ ಒಂದಾಗಿದ್ದು ಈಗ. ನಾವು ಯಾವತ್ತೋ ಆಗಿದ್ವಿ," ಎಂದು ಅವನು ಬಣ್ಣದ ಬಟ್ಟಲನ್ನು ಅವಳ ಮುಂದೆ ತಳ್ಳಿದ್ದ. ಅವನು ಕೆತ್ತಿದ್ದಕ್ಕೆಲ್ಲ ಬಣ್ಣ ಬಳಿಯುತ್ತಿದ್ದವಳು ಅವಳೇ; ಎಲೆ, ಹುಲ್ಲು ಮಾತ್ರ ಅವಳಿಂದ ಕಲಿತ ಸೀಗ್ಮಾರನ ಪಾಲಿಗೆ. ತನ್ನ ಗೊಂಬೆಗೆ ತಾನೇ ನೀಲಿ ರವಿಕೆ ಬಳಿದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಸೀಗ್ಮಾರ್, "ಮೂಗು ಇನ್ನೂ ಸ್ವಲ್ಪ ಉದ್ದ ಇರ್ಬೇಕಿತ್ತು ಅಣ್ಣ, ಅತ್ತಿಗೆ ಗುರುತೇ ಸಿಗಲ್ಲ," ಎಂದು ನಕ್ಕು, ಅವಳಿಂದ ಕುಂಚದೇಟು ತಿಂದಿದ್ದ.

ಎಂಟು ವರ್ಷ ಕಳೆಯಿತು. ಆಗಸ್ಟಿನ ಮಳೆಗೆ ಹೊಳೆ ಎದ್ದಿತು. ಹೆಸರಿಟ್ಟವರ ಮನೆಗೇ ನುಗ್ಗಿತು. ಲೋತರನ ಕೆಲಸದ ಕೊಟ್ಟಿಗೆ, ಉಳಿ, ಲಿಂಡನ್ ಮರದ ದಿಮ್ಮಿ, ತಂದೆಯ ಕಾಲದಿಂದ ಕೆತ್ತಿಟ್ಟಿದ್ದ ಗೊಂಬೆಗಳ ಸಾಲು, ಎಲ್ಲವೂ ಒಂದು ಬೆಳಗಿನಲ್ಲಿ ತೇಲಿಹೋದವು. ಹೊಳೆ ಇಳಿದ ಮೇಲೆ ಲೋತರ್ ಕೆಸರಲ್ಲಿ ಕೈಯಾಡಿಸಿ ಒಂದು ದೇವತೆಯ ರೆಕ್ಕೆ ಹುಡುಕಿ ತಂದ, ಅದೂ ಮುರಿದದ್ದು. ಮುಂದಿನ ವಸಂತವನ್ನು ಅವನು ಕಾಣಲಿಲ್ಲ.

ಉಳಿದದ್ದು ಕಮಾನೊಂದೇ. ಅದು ಡಿಪ್ಸಿನ ಜಿಲ್ಲಾ ಕಚೇರಿಯ ಅಟ್ಟದ ಮೇಲೆ ಬೇಸಿಗೆ ಕಳೆಯುತ್ತಿದ್ದುದರಿಂದ ನೀರಿಗೆ ಸಿಗಲಿಲ್ಲ. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮುಂಚಿನ ಆಡ್ವೆಂಟ್ ವಾರಗಳ ಮೊದಲ ಭಾನುವಾರ ಅವಳು ಹೋಗಿ ಅದರೆದುರು ಕೂತು, ನೀಲಿ ರವಿಕೆಯವಳನ್ನು ನೋಡಿಕೊಂಡು ಬರುತ್ತಿದ್ದಳು. ಗಂಡನ ಕೈ ಇನ್ನೆಲ್ಲಿಯೂ ಉಳಿದಿರಲಿಲ್ಲ.

ಈ ವರ್ಷ ಆಗಸ್ಟಿನಲ್ಲಿ ಜಿಲ್ಲೆಯೇ ಮುಗಿಯಿತು. ಎಲ್ಬೆ ಕಡೆಯ ದೊಡ್ಡ ಜಿಲ್ಲೆಯೊಂದಿಗೆ ಸೇರಿಸಿದರು. ಹೆಸರು ಹೋಯಿತು, ಕಚೇರಿ ಕೆಳಗಿಳಿಯಿತು. ಹಳೆಯ ಜಿಲ್ಲಾ ಸಭೆಯಲ್ಲಿ ಕೂತಿದ್ದ ಸೀಗ್ಮಾರ್ ಅಡುಗೆಮನೆಗೆ ಬಂದು ಅವಳ ಕೈಹಿಡಿದು ಮಾತು ಕೊಟ್ಟಿದ್ದ: "ಜಿಲ್ಲೆ ಹೋದ್ರೆ ಹೋಗ್ಲಿ. ಅಣ್ಣನ ಕಮಾನು ನಿಮ್ಮ ಮನೆಗೆ ಬರುತ್ತೆ. ಇದು ನನ್ನ ಮಾತು."

ಬೇಕರಿಯಿಂದ ಬಂದ ಮರುದಿನ ಎಲ್ಫ್ರೀಡ ಎರಡು ಬಸ್ಸು ಬದಲಿಸಿ ಎಲ್ಬೆ ದಡಕ್ಕೆ ಹೋದಳು. ಗುಡ್ಡದವರು ಸುಮ್ಮನೆ ಅಷ್ಟು ದೂರ ಇಳಿಯುವುದಿಲ್ಲ. ಸೀಗ್ಮಾರನೂ ಅದನ್ನೇ ನಂಬಿದ್ದನೇನೋ.

ಕಮಾನು ಬಾಗಿಲ ಬಳಿಯೇ ಉರಿಯುತ್ತಿತ್ತು. ತಂತಿಗೆ ಯಾವ ರೋಗವೂ ಇರಲಿಲ್ಲ. ಅವಳು ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡಳು. ಹೊಳೆಗಳು ಎರಡಿರಲಿಲ್ಲ. ಕೆಂಪೂ ಇಲ್ಲ, ಕಾಡೂ ಇಲ್ಲ. ಅಗಲವಾದ ಒಂದೇ ಹಸಿರು ನೀರು, ಅದರ ಹಿಂದೆ ಮರಳುಗಲ್ಲಿನ ಬಂಡೆಗಳು. ಎಲ್ಬೆ. ನಡುವೆ ಹೊಗೆ ಬಿಡುವ ಹಡಗು. ಅದರ ಅಡಿಯಲ್ಲಿ ಮರ ಹೊಸದಾಗಿ ಬೆಳ್ಳಗಿತ್ತು. ಅಲ್ಲಿದ್ದುದನ್ನು ಉಳಿಯಿಂದ ಎಬ್ಬಿಸಿ ತೆಗೆದ ಗಾಯ. ಹಡಗಿನ ಬಣ್ಣವನ್ನು ಅವಳು ನೋಡಿದೊಡನೆ ಗುರುತಿಸಿದಳು. ಅಂಚಿನಲ್ಲಿ ಕುಂಚವನ್ನು ಹೀಗೆ ತಿರುವಿ ಬಿಡುವವನು ಸೀಗ್ಮಾರ್ ಒಬ್ಬನೇ. ಅವನಿಗೆ ಬಣ್ಣ ಹಾಕುವುದನ್ನು ಕಲಿಸಿದವಳು ಅವಳೇ ತಾನೆ?

ಕೆಳಗೆ ಹಿತ್ತಾಳೆಯ ಫಲಕ: "ಕಾಡೆನ್ ಮನೆತನದ ಕಾಣಿಕೆ." ಅವಳ ಗಂಡನ ಮನೆತನದ್ದೇ ಹೆಸರು.

"ಚೆನ್ನಾಗಿದೆ ಅಲ್ವಾ ಅಜ್ಜಿ?" ಎಂದ ಬಾಗಿಲ ಕಾವಲಿನವನು.

"ಬಣ್ಣ ಚೆನ್ನಾಗಿ ಹಾಕಿದ್ದಾನೆ," ಎಂದಳು ಎಲ್ಫ್ರೀಡ. ಅದು ನಿಜವೂ ಆಗಿತ್ತು.

ಅವಳು ಕೂಗಾಡಲಿಲ್ಲ, ಫೋನೂ ಮಾಡಲಿಲ್ಲ. ಕ್ರಿಸ್‌ಮಸ್ ಹಿಂದಿನ ಸಂಜೆಗೆ ಕಾದಳು. ಹೆಂಡತಿ ಇಲ್ಲದ ಸೀಗ್ಮಾರ್ ಆ ಸಂಜೆ ಅವಳ ಮನೆಯಲ್ಲೇ ಉಣ್ಣುವುದು ವಾಡಿಕೆ. ನಮ್ಮಲ್ಲಿ ಆ ರಾತ್ರಿ ಒಂಬತ್ತು ಬಗೆ ಮಾಡಬೇಕು. ಉಣ್ಣುವಾಗ ಮನೆಯವರು ಯಾರೂ ಮೇಜು ಬಿಟ್ಟು ಏಳುವಂತಿಲ್ಲ. ಎದ್ದರೆ ವರ್ಷದೊಳಗೆ ಮನೆಯಿಂದ ಒಬ್ಬರು ಕಳೆಯುತ್ತಾರೆ ಎಂಬುದು ಹಿರಿಯರ ಮಾತು. ಬಡಿಸುವವಳು ಮಾತ್ರ ಏಳಬಹುದು. ಮತ್ತೆ ಬಾಗಿಲ ಬಳಿ ಒಂದು ತಟ್ಟೆ ಹೆಚ್ಚಿಗೆ ಇಡಬೇಕು, ದಾರಿ ತಪ್ಪಿ ಬರುವ ಅಪರಿಚಿತನಿಗೆ. ಯಾವ ವರ್ಷವೂ ಯಾರೂ ಬಂದದ್ದಿಲ್ಲ, ಇಡುವುದನ್ನು ಯಾರೂ ಬಿಟ್ಟದ್ದೂ ಇಲ್ಲ.

ಇಗರ್ಜಿಯ ಗಂಟೆಯಾಗುತ್ತಲೇ ಸೀಗ್ಮಾರ್ ಬೂಟಿನ ಹಿಮ ಕೊಡವಿ ಒಳಗೆ ಬಂದ. ಒಲೆಯ ಪಕ್ಕದ ತನ್ನ ಕುರ್ಚಿಯ ಕಡೆ ಹೋಗಿ ನಿಂತ. ಅದರ ಮುಂದೆ ತಟ್ಟೆ ಇರಲಿಲ್ಲ. ಮೇಜಿನ ಮೇಲೆ ಎರಡೇ ತಟ್ಟೆ: ಒಂದು ಅವಳದು, ಒಂದು ಬಾಗಿಲ ಕಡೆಯದು.

"ಏನತ್ತಿಗೆ, ನನ್ನ ತಟ್ಟೆ ಹೊಳೇಲಿ ಹೋಯ್ತಾ?"

"ಅಲ್ಲಿ ಇಟ್ಟಿದ್ದೀನಲ್ಲ, ಕೂತ್ಕೋ."

"ಅದು ಬೇರೆಯೋರದ್ದು. ಅವನು ಬಂದ್ರೆ?"

"ಬಂದ್ರೆ ಉಪವಾಸ ಕಳಿಸಲ್ಲ. ಕೂತ್ಕೋ, ಆರೋಗುತ್ತೆ."

ಅವನು ನಗುತ್ತಲೇ ಕೂತ. ಅವಳು ಹುರಿದ ಸಾಸೇಜು ಬಡಿಸಿದಳು, ಹುಳಿ ಎಲೆಕೋಸು ಬಡಿಸಿದಳು, ಆಲೂಗಡ್ಡೆಯ ಕಡುಬು ಬಡಿಸಿದಳು. ಅವನು ಹೊಸ ಜಿಲ್ಲೆಯ ಕಲಾ ಸಮಿತಿಗೆ ತನ್ನನ್ನು ಅಧ್ಯಕ್ಷ ಮಾಡುವ ಮಾತು ನಡೆದಿದೆ ಎಂದು ಹೇಳಿಕೊಂಡ. ಅವಳು ಬೇಳೆ ಬಡಿಸುತ್ತಾ ಕೇಳಿದಳು:

"ತಂತಿ ರಿಪೇರಿ ಆಯ್ತಾ?"

"ಎಲ್ಲಿ ಅತ್ತಿಗೆ, ಆ ರಿಪೇರಿಯವನು..."

"ಹಡಗಿನ ಕೆಳಗೆ ಹಸಿರು ಜಾಸ್ತಿ ಆಗಿದೆ ಸೀಗ್ಮಾರ್. ನೀರಿನಲ್ಲಿ ನೆರಳಿಗೆ ಸ್ವಲ್ಪ ಕಂದು ಬೆರೆಸ್ಬೇಕು ಅಂತ ಎಷ್ಟು ಸಲ ಹೇಳ್ಕೊಟ್ಟಿದ್ದೆ."

ಅವನ ಚಮಚ ಬಟ್ಟಲಿನಲ್ಲೇ ನಿಂತಿತು. ಕುರ್ಚಿ ಹಿಂದಕ್ಕೆ ಸರಿಸಲು ಹೋದ. ಆಚಾರ ನೆನಪಾಗಿ ಮತ್ತೆ ಕೂತ.

"ಯಾರು ಹೇಳಿದ್ರು?"

"ನಾನೇ ಹೋಗಿದ್ದೆ."

"ಅತ್ತಿಗೆ, ಮೊದ್ಲು ಕೇಳಿ. ಹೊಸ ಜಿಲ್ಲೆಯೋರಿಗೆ ಅದು ಬೇಕಾಗಿತ್ತು. ಎಲ್ಲರಿಗೂ ಸೇರೋ ಹಾಗೆ ಒಂದು ಬದಲಾವಣೆ ಮಾಡಿ ಅಂತ ಒತ್ತಾಯ ಮಾಡಿದ್ರು. ಇಲ್ದಿದ್ರೆ ಕಮಾನನ್ನ ನೆಲಮಾಳಿಗೇಲಿ ಎಸೀತಿದ್ರು. ಅಣ್ಣನ ಕೆಲಸ ಜನ ನೋಡ್ಲಿ ಅಂತ ನಾನು..."

"ಯಾರು ಒತ್ತಾಯ ಮಾಡಿದ್ದು? ಹೆಸರು ಹೇಳು."

ಅವನು ಬೇಳೆ ಕಲಕಿದ. ಅವಳು ಎದ್ದು ಬೀಟ್‌ರೂಟ್ ತಂದಳು, ಬಡಿಸಿದಳು, ಮತ್ತೆ ಎದುರು ಕೂತಳು. ಅವಸರವೇನೂ ಇರಲಿಲ್ಲ. ಇನ್ನೂ ನಾಲ್ಕು ಬಗೆ ಬಾಕಿ ಇತ್ತು, ಅವನು ಏಳುವಂತಿರಲಿಲ್ಲ.

"ಹೇಳಪ್ಪ."

"ಯಾರೂ ಕೇಳ್ಲಿಲ್ಲ," ಎಂದ ಕೊನೆಗೆ, ತಟ್ಟೆಯನ್ನು ನೋಡುತ್ತಾ. "ಅವರು ಕಮಾನನ್ನ ನಿಮಗೇ ಕಳಿಸ್ತೀವಿ, ವಿಳಾಸ ಕೊಡಿ ಅಂದ್ರು. ನಾನೇ ಬೇಡ ಅಂದೆ. ಕಾಣಿಕೆ ಅಂದೆ. ಹಾಗೇ ಕೊಟ್ರೆ ಯಾರು ನೋಡ್ತಾರೆ, ಎರಡು ಹೊಳೆ ಅಂದ್ರೆ ಅಲ್ಲಿಯೋರಿಗೆ ಏನು ಗೊತ್ತು? ಅದಕ್ಕೇ ತಿದ್ದಿದೆ. ಜೀವಮಾನವೆಲ್ಲ ಅಣ್ಣ ಕೆತ್ತಿದ್ದಕ್ಕೆ ಎಲೆ, ಹುಲ್ಲು ಬಳೀತಾ ಬಂದೆ ಅತ್ತಿಗೆ. ಒಂದು ಸಲ ನನ್ನ ಕೈಯೂ ಕಾಣ್ಲಿ ಅನ್ನಿಸ್ತು. ತಪ್ಪಾ?"

"ಹಡಗು ಇಡೋಕೆ ಅಷ್ಟು ಅಗಲ ನೀರಿತ್ತು. ಪಕ್ಕಕ್ಕೆ ಇಡಬಹುದಿತ್ತು."

ಅವನು ಬೀಟ್‌ರೂಟನ್ನು ತಟ್ಟೆಯ ಅಂಚಿಗೆ ಸರಿಸಿದ.

"ಅಲ್ಲಿ ನಿಂತಿದ್ದೋಳು ಯಾರು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಎಲ್ಲಿಟ್ಟಿದ್ದೀ ಅವಳನ್ನ?"

"ಉಳಿ ಹಾಕಿದ್ದೇ ಸೀಳಿ ಹೋದ್ಲು. ಒಲೆಗೆ..."

ಹೊಳೆ ಕೊಟ್ಟಿಗೆಯನ್ನು ಒಯ್ದಾಗ ಎಲ್ಫ್ರೀಡ ಅತ್ತಿದ್ದಳು, ಬೈದಿದ್ದಳು, ಆಮೇಲೆ ಅದೇ ಹೊಳೆಯ ದಂಡೆಯಲ್ಲಿ ಬಟ್ಟೆ ಒಣಹಾಕಿದ್ದಳು. ನೀರಿಗೆ ಯಾರ ಮನೆ ಯಾವುದೆಂದು ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು.

ಅವಳು ಉಳಿದದ್ದನ್ನೂ ಬಡಿಸಿದಳು: ಅಣಬೆ, ಬಾತಿನ ಮಾಂಸ, ಬೇಯಿಸಿದ ಒಣಹಣ್ಣು, ಕೊನೆಗೆ ಬಾದಾಮಿ ಹಾಕಿದ ಹಾಲುರೊಟ್ಟಿ. ಒಂದೂ ಬಿಡಲಿಲ್ಲ, ಒಂದೂ ಕಡಿಮೆ ಹಾಕಲಿಲ್ಲ. ಅವನು ತುತ್ತು ಬಾಯಿಗಿಟ್ಟು ಅಗಿಯದೆ ಕೂತ. ಕಣ್ಣು ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿತ್ತು.

"ಅತ್ತಿಗೆ, ಏನಾದ್ರೂ ಬೈದ್ಬಿಡಿ. ಹೀಗೆ ಬಡಿಸ್ಬೇಡಿ. ನನ್ನ ಕೈಲಿ ಕೂರಕ್ಕೆ ಆಗ್ತಿಲ್ಲ. ಆದ್ರೆ ಮುಗಿಯೋ ಮುಂಚೆ ಹೇಗೆ ಏಳ್ಲಿ? ಮನೆಯಿಂದ ಒಬ್ರು ಕಳೀತಾರೆ ಅಂತಾರಲ್ಲ."

ಎಲ್ಫ್ರೀಡ ಅವನ ತಟ್ಟೆಯ ಕಡೆ, ಆಮೇಲೆ ಅವನ ಬೆನ್ನ ಹಿಂದಿನ ಬಾಗಿಲ ಕಡೆ ನೋಡಿದಳು.

"ಆ ಮಾತು ಮನೆಯೋರಿಗೆ ಸೀಗ್ಮಾರ್," ಎಂದಳು. "ನೀನು ಕೂತಿರೋ ಜಾಗದೋರು ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದು."

ಅವನು ತಾನು ಕೂತ ಕುರ್ಚಿಯನ್ನು, ಒಲೆಯ ಪಕ್ಕದ ಖಾಲಿ ಕುರ್ಚಿಯನ್ನು, ಮತ್ತೆ ಅವಳನ್ನು ನೋಡಿದ. ಆಮೇಲೆ ಎದ್ದು ಕೋಟು ಹಾಕಿಕೊಂಡ. ಬಾಗಿಲು ತೆರೆದಾಗ ಹಿಮದ ಗಾಳಿ ಒಳಗೆ ಬಂತು, ಮೇಣದ ಬತ್ತಿ ಬಾಗಿ ಮತ್ತೆ ನೆಟ್ಟಗಾಯಿತು. ಹೊರಗೆ ಹೊಳೆ ಕೇಳಿಸುತ್ತಿತ್ತು. ಅವಳು ಕೂತೇ ಇದ್ದು, ತನ್ನ ಪಾಲಿನ ಹಾಲುರೊಟ್ಟಿಯನ್ನು ಕೊನೆಯ ತುತ್ತಿನ ತನಕ ಉಂಡಳು.