ಗುಬ್ಬಿ ಅತ್ತ ದಿನ

ಅಮ್ಮ ಕೋಣೆಯಿಂದ ಹೊರಗೆ ಹೋಗಬೇಕು, ತುಸು ಹೊತ್ತಿಗೆ ಮರಳಬೇಕು. ಆಗ ಮಗು ಏನು ಮಾಡುತ್ತದೆ ಎಂದು ಗಾಜಿನ ಹಿಂದೆ ಕೂತು ನೋಡಿ, ಅವರಿಬ್ಬರ ನಂಟು ಎಂಥದ್ದೆಂದು ಹೇಳುವುದು ಆ ಮನಶ್ಶಾಸ್ತ್ರಜ್ಞೆಯ ಕೆಲಸ. ಅತ್ತು ಊರು ಒಂದು ಮಾಡುವ ಮಕ್ಕಳು, ಮೂತಿ ಊದಿಸಿಕೊಳ್ಳುವ ಮಕ್ಕಳು, ಎಲ್ಲರನ್ನೂ ಅವಳು ಕಂಡಿದ್ದಳು.

ಗುಬ್ಬಿ ಮಾತ್ರ ಅವಳ ತಲೆ ಕೆಡಿಸಿದಳು.

ಒಂದೂವರೆ ವರ್ಷದ ಗುಬ್ಬಿಯನ್ನು ದತ್ತು ತಂದು ಕೆಲವೇ ತಿಂಗಳಾಗಿತ್ತು. ತಾಯಿ ಎದ್ದು ಹೋದಾಗ ಅವಳು ತಲೆಯೂ ಎತ್ತಲಿಲ್ಲ. ಪರೀಕ್ಷೆಗೆಂದೇ ಕೋಣೆಯಲ್ಲಿ ಅಪರಿಚಿತಳಾಗಿ ಕೂರಿಸಿದ್ದ ಸಹಾಯಕ ಸಂಶೋಧಕಿಯ ಮಡಿಲೇರಿ, ಅವಳ ಕನ್ನಡಕ ಕಿತ್ತು ಕಿಲಕಿಲ ನಕ್ಕಳು. ತಾಯಿ ಮರಳಿದಾಗ ಬೆನ್ನು ತಿರುಗಿಸಿದಳು.

"ನೋಡಿದ್ರಲ್ಲ ಡಾಕ್ಟ್ರೇ," ಎಂದಳು ತಾಯಿ. "ನಮ್ಮತ್ತೆ ಹೇಳೋದೂ ಇದೇ. ಇವಳಿಗೆ ಮನೆಯವರೂ ಒಂದೇ, ಬೀದಿಯವರೂ ಒಂದೇ ಅಂತ."

"ಇಷ್ಟು ಬೇಗ ಏನೂ ಹೇಳೋಕಾಗಲ್ಲಮ್ಮ."

"ರಾತ್ರಿ ನಾನು ಪಕ್ಕದಿಂದ ಎದ್ರೆ ಮಾತ್ರ ಕಣ್ಣು ಬಿಡ್ತಾಳೆ. ಅಳಲ್ಲ. ನಾನು ಬರೋವರೆಗೂ ಬಾಗಿಲನ್ನೇ ನೋಡ್ತಿರ್ತಾಳೆ. ಅದಕ್ಕೇನರ್ಥ?"

ಗಾಜಿನಾಚೆ ಕಂಡದ್ದಕ್ಕೂ ಇದಕ್ಕೂ ತಾಳೆಯೇ ಇರಲಿಲ್ಲ.

"ಗೊತ್ತಿಲ್ಲ," ಎಂದಳು ಮನಶ್ಶಾಸ್ತ್ರಜ್ಞೆ.

ಮೂವರು ಹೆಂಗಸರೂ ಮಗುವೂ ಹೊರಟರು. ಕೋಣೆಯಾಚೆಗಿನ ಓಣಿಯಂಥ ಉದ್ದನೆಯ ಹಾದಿಯಲ್ಲಿ ಗುಬ್ಬಿ ಮುಗ್ಗರಿಸಿ ಬಿದ್ದಳು. ತುಟಿ ಒಡೆದು ರಕ್ತ ಬಂತು. ಆದರೂ ಸದ್ದಿಲ್ಲ. ಕೂತಲ್ಲೇ ಒಬ್ಬೊಬ್ಬರ ಮುಖ ನೋಡತೊಡಗಿದಳು. ಮನಶ್ಶಾಸ್ತ್ರಜ್ಞೆಯ ಕೈ ತಾನಾಗಿ ಮುಂದೆ ಹೋಯಿತು. ಛೆ, ನಾನಲ್ಲ ಎಂದು ಹಿಂದೆಳೆದುಕೊಂಡಳು. ತಾಯಿ ಪರೀಕ್ಷೆ ಇನ್ನೂ ಮುಗಿದಿಲ್ಲವೇನೋ ಎಂಬಂತೆ ಮರಗಟ್ಟಿ ನಿಂತಿದ್ದಳು.

"ಏನ್ ನೋಡ್ತಿದೀರಾ? ಎತ್ಕೊಳ್ಳಿ!" ಎಂದಳು ಮನಶ್ಶಾಸ್ತ್ರಜ್ಞೆ ಅವಳಿಗೆ.

ತಾಯಿ ಕುಕ್ಕರಿಸಿ ಕೈ ಚಾಚಿದಳು. ಗುಬ್ಬಿ ಎದ್ದು ಬಂದು, ಕೈಗೆಟಕುವಷ್ಟು ದೂರದಲ್ಲಿ ನಿಂತಳು. ಆಮೇಲೆ ಚಾಚಿದ್ದ ಆ ಕೈಯನ್ನೇ ಬಲವಾಗಿ ಕಚ್ಚಿ, ತಾಯಿಯ ಹೆಗಲಿಗೆ ಮುಖ ಒತ್ತಿ, ಹೋ ಎಂದು ಅಳತೊಡಗಿದಳು.

"ಕಚ್ಚಿದ್ಲು ಡಾಕ್ಟ್ರೇ!" ತಾಯಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಇದು ಒಳ್ಳೇದಾ, ಕೆಟ್ಟದ್ದಾ?"

ಮನಶ್ಶಾಸ್ತ್ರಜ್ಞೆಗೂ ಅದಕ್ಕೇ ಉತ್ತರ ಬೇಕಿತ್ತು. ಓದಿದ್ದೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಿತ್ತು.

"ಮೊದ್ಲು ಸಮಾಧಾನ ಮಾಡಿ," ಎಂದು ತುಟಿಯ ರಕ್ತ ಒರೆಸಲು ಹತ್ತಿ ತರಲು ಓಡಿದಳು.