ಹದಿನಾಲ್ಕನೆಯ ನಿಮಿಷ

ಮನುಕುಲ ಇಷ್ಟು ಕಾಲ ಕಡೆಗಣಿಸಿದ ಒಂದು ಗುರುತರ ವಿಷಯವನ್ನು ಇಲ್ಲಿ ದಾಖಲಿಸಲೇಬೇಕಾಗಿದೆ. ಅದೇನೆಂದರೆ, ‘ಟಿಕ್’ ಎಂಬ ಒಂದು ಸದ್ದು ಯಾರದು ಎಂಬುದು.

ಸದ್ದು ನಮ್ಮ ಮಾವನವರದು. ಅವರು ದರ್ಜಿ. ಸೂಜಿ ಚುಚ್ಚದಂತೆ ಬೆರಳಿಗೆ ಉಕ್ಕಿನ ಟೊಪ್ಪಿ ಹಾಕಿಕೊಂಡು ಹೊಲಿಯುತ್ತಿದ್ದರು. ಯೋಚನೆ ಬಂದಾಗಲೆಲ್ಲ ಆ ಟೊಪ್ಪಿಯಿಂದ ಮೇಜಿನ ಅಂಚಿಗೆ ತಟ್ಟುವುದು ಅವರ ಅಭ್ಯಾಸ. ತೀರಿಕೊಳ್ಳುವ ಆರು ತಿಂಗಳ ಮುಂಚೆ ಅವರ ಮಗಳು, ಅಂದರೆ ನನ್ನ ನಾದಿನಿ ಚುಕ್ಕಿ, ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡಳು.

ಚುಕ್ಕಿ ಹೊಟ್ಟೆಪಾಡಿಗೆ ಹಲ್ಲು ಮಾಡುತ್ತಾಳೆ. ದಂತವೈದ್ಯರು ಅಳತೆ ಕಳಿಸುತ್ತಾರೆ, ಇವಳು ಮೇಣದಲ್ಲಿ ಕೆತ್ತಿ ಕಟ್ಟು ಹಲ್ಲು ಕೂರಿಸಿ ಕೊಡುತ್ತಾಳೆ. ಒಂದು ಕೂದಲೆಳೆ ಆಚೀಚೆಯಾದರೂ ಹಲ್ಲಿನವರು ಊಟದ ಹೊತ್ತಿಗೆ ಇವಳನ್ನು ಬೈಯುತ್ತಾರಂತೆ. ಮನೆಗೆ ಬಂದರೆ ಅಪ್ಪನ ಹೊಲಿಗೆ ಕೋಣೆಯಲ್ಲಿ ಕೂತು ಡ್ರಮ್ ಪ್ರೋಗ್ರಾಮ್ ಮಾಡುವುದು, ಅಂದರೆ ಕಂಪ್ಯೂಟರಿನಲ್ಲಿ ಸದ್ದು ಜೋಡಿಸಿ ತಾಳ ಕಟ್ಟುವುದು. ಹೊಲಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್, ಎರಡು ಸ್ಪೀಕರ್, ಚೌಕಕ್ಕೊಂದು ಸದ್ದು ಕೂರಿಸುವ, ಹದಿನಾರು ಚೌಕದ ಒಂದು ಪುಟ್ಟ ಯಂತ್ರ. ಬೇರೆಯವರು ಹದಿನಾರು ಚೌಕವನ್ನೂ ತುಂಬಿಸುತ್ತಾರೆ, ಇವಳು ಖಾಲಿ ಮಾಡುತ್ತಾಳೆ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕೂತು, ಕೋಣೆಯಿಂದ ಹೊರಗೆ ಬಂದು, “ಅತ್ತಿಗೆ, ಒಂದು ಸದ್ದು ತೆಗೆದೆ” ಅಂದಳು. ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ.

ಮಾವನವರ ಟಿಕ್ ತಾಳಕ್ಕಿಂತ ಒಂದು ಎಳೆ ತಡವಾಗಿ ಬೀಳುತ್ತಿತ್ತು. ತಡವಾದ ಸದ್ದನ್ನೆಲ್ಲ ಸಾಲಾಗಿ ನಿಲ್ಲಿಸುವ ಗುಂಡಿಯೊಂದು ಯಂತ್ರದಲ್ಲಿದೆ. ಚುಕ್ಕಿ ಅದನ್ನು ಒತ್ತಲಿಲ್ಲ. “ಅಪ್ಪ ಯಾವತ್ತು ಹೊತ್ತಿಗೆ ಸರಿಯಾಗಿ ಬಟ್ಟೆ ಕೊಟ್ಟಿದ್ರು ಹೇಳಿ. ಹಾಗೇ ಇರ್ಲಿ.”

ಇನ್ನು ಬುಡ್ಡನ ವಿಷಯ. ಬುಡ್ಡ ಅವಳ ಸೋದರತ್ತೆಯ ಮಗ. ವೇದಿಕೆಯ ಮೇಲೆ ಅವನ ಹೆಸರು ‘ಶೂನ್ಯ’. ಮೈತುಂಬ ಕಪ್ಪು ಬಟ್ಟೆ, ಮಾತು ಕಮ್ಮಿ. ಒಂದು ಕಾಲಕ್ಕೆ ಇಬ್ಬರೂ ಅದೇ ಕೋಣೆಯಲ್ಲಿ ಕೂರುತ್ತಿದ್ದರು. ಚುಕ್ಕಿ ತಾಳ ಕಟ್ಟುವಳು, ಬುಡ್ಡ ಎರಡು ನಿಮಿಷ ಕೇಳಿ, “ಮುಂದೆ ಅದೇ ತಾನೆ?” ಎಂದು ಎದ್ದುಬಿಡುವನು. ಆಮೇಲೆ ಅವನು ಬೇರೆಯಾದ. ಬೇರೆಯಾಗಿ ಹೊರತಂದ ಮೊದಲ ಆಲ್ಬಮ್ಮಿನ ತುಂಬ ಮಾವನವರ ಟಿಕ್. ಪತ್ರಿಕೆಯವರು ಅದನ್ನು ಹಾಡಿ ಹೊಗಳಿ, ಆ ಸದ್ದು ಎಲ್ಲಿಂದ ಬಂತೆಂದು ಕೇಳಿದರು. “ನನ್ನ ವಾಚಿನ ಪಟ್ಟಿ ತಟ್ಟಿದ್ದು” ಅಂದ. ಒಬ್ಬರೇ ಕೆಲಸ ಮಾಡ್ತೀರಾ ಎಂದದ್ದಕ್ಕೆ, “ಮಾವನ ಮಗಳೊಬ್ಬಳು ಇರ್ತಿದ್ದಳು. ನಾನು ಕೆಲಸ ಮಾಡುವಾಗ ಟೀ ತಂದುಕೊಡ್ತಿದ್ದಳು” ಅಂದ.

ಇಷ್ಟನ್ನೂ ಚುಕ್ಕಿ ನುಂಗಿಕೊಂಡಳು. ನುಂಗಲಾಗದ್ದು ಜಾಹೀರಾತು. ಬಚ್ಚಲು ತೊಳೆಯುವ ದ್ರವವೊಂದಕ್ಕೆ ಬುಡ್ಡ ಆ ತಾಳ ಮಾರಿದ್ದ. ಟೀವಿಯಲ್ಲಿ ಹಸಿರು ಬಣ್ಣದ ಕ್ರಿಮಿಗಳು ಸಾಲಾಗಿ ನಿಂತಿರುತ್ತವೆ. ಒಂದೊಂದು ಟಿಕ್ಕಿಗೆ ಒಂದೊಂದು ಕ್ರಿಮಿ ಸಾಯುತ್ತದೆ. ನಮ್ಮ ಮಾವ, ಜೀವನದಲ್ಲಿ ಒಂದು ಇರುವೆಯನ್ನೂ ಹೊಸಕದವರು, ಸತ್ತು ಹನ್ನೊಂದು ತಿಂಗಳಿಗೆ ಈ ಕೆಲಸಕ್ಕೆ ಸೇರಿದರು.

ಚುಕ್ಕಿ ಟೀವಿ ಆರಿಸಿದಳು.

“ಅವನ ಬಾಯಿಂದಲೇ ಹೇಳಿಸ್ತೀನಿ. ನಾಲ್ಕು ಜನರ ಮುಂದೆ, ಮೈಕಲ್ಲಿ.”

“ಫೋನ್ ಮಾಡಿ ಕೇಳಿದ್ರೆ?” ಅಂದೆ.

“ಫೋನಲ್ಲಿ ಹೇಳಿದ್ರೆ ಯಾರಿಗೆ ಕೇಳಿಸುತ್ತೆ ಅತ್ತಿಗೆ?”

ಆಗ ಅವಳು ಒಂದು ವಿಚಿತ್ರ ತೋರಿಸಿದಳು. ಜೊತೆಗಿದ್ದಾಗ ಇಬ್ಬರೂ ಇಂಟರ್ನೆಟ್ಟಿನಲ್ಲಿ ಒಂದೇ ಫೋಲ್ಡರ್ ಬಳಸುತ್ತಿದ್ದರು. ಅದು ಈಗಲೂ ತೆರೆದೇ ಇತ್ತು. ಯಾವ ಫೈಲನ್ನು ಯಾರು ಯಾವಾಗ ತೆರೆದರು ಎಂಬುದು ಪಕ್ಕದಲ್ಲೇ ಬರುತ್ತದೆ. ಬುಡ್ಡ, ಹೋದ ಬುಧವಾರ. ಬುಡ್ಡ, ಅದರ ಹಿಂದಿನ ಶನಿವಾರ. ಅವನು ಇವತ್ತಿಗೂ ಬಂದು ಆಯ್ದುಕೊಂಡು ಹೋಗುತ್ತಿದ್ದ.

“ಅಯ್ಯೋ, ಪಾಸ್‌ವರ್ಡ್ ಬದಲಾಯಿಸು ಮಾರಾಯ್ತಿ.”

“ಬೀಗ ಹಾಕಿದ್ರೆ ಕಳ್ಳ ಬರೋದು ನಿಲ್ಲಿಸ್ತಾನೆ. ನಂಗೆ ಕಳ್ಳ ಬೇಕು.”

ಮೂರು ವಾರ ಅವಳು ಕೋಣೆ ಬಿಟ್ಟು ಬರಲಿಲ್ಲ. ನಾನು ಬಾಗಿಲ ಬಳಿ ನಿಂತು ಕೇಳಿದ್ದುಂಟು. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ್ದನ್ನು ಅವಳು ಮುಂಚೆ ಮಾಡಿರಲಿಲ್ಲ. ದ್ವೇಷದಿಂದ ಮೈ ಕೈ ನೋಯುತ್ತದೆ ಅನ್ನುತ್ತಾರೆ, ಇವಳ ಬಣ್ಣ ತಿಳಿಯಾಯಿತು. ನಾಲ್ಕೇ ಸದ್ದು. ತಗ್ಗಿನಲ್ಲಿ ಒಂದು ಗುದ್ದು, ಮೇಣ ಕೆತ್ತುವ ಚಾಕುವಿನ ಕರಕರ, ಹಲ್ಲಿನ ಸೆಟ್ಟು ಕಚ್ಚಿಕೊಳ್ಳುವ ಸದ್ದು, ಮತ್ತೆ ಟಿಕ್. ಒಟ್ಟು ಇಪ್ಪತ್ತೆರಡು ನಿಮಿಷ. ಹತ್ತು ನಿಮಿಷ ಅದು ಎಲ್ಲೂ ಬದಲಾಗುವುದಿಲ್ಲ. ಹತ್ತರ ನಂತರ ಒಂದೊಂದೇ ಸದ್ದು ಉದುರುತ್ತದೆ. ಹದಿನಾಲ್ಕಕ್ಕೆ ಏನಾಗುತ್ತದೆಂದು ನನಗೂ ಕೇಳಿಸಿದಳು. ಕೇಳಿ ನಾನು ಮಂಚದ ಮೇಲೆ ಕೂತುಬಿಟ್ಟೆ.

ಎಲ್ಲವನ್ನೂ ಬೆಸೆದು ಒಂದೇ ಫೈಲ್ ಮಾಡಿ, ಅದಕ್ಕೆ ‘ಯಾರಿಗೂ ಕೊಡಬಾರದ್ದು’ ಎಂದು ಹೆಸರಿಟ್ಟು ಫೋಲ್ಡರಿಗೆ ಹಾಕಿದಳು. ಎರಡು ದಿನಕ್ಕೆ ಪಕ್ಕದಲ್ಲಿ ಬುಡ್ಡನ ಹೆಸರು ಬಂತು. ಹದಿನೈದು ದಿನಕ್ಕೆ ಗೋಡೆಗೆ ಪೋಸ್ಟರ್ ಬಂತು. ‘ಶೂನ್ಯ. ಹೊಸ ಕೃತಿ. ಇಪ್ಪತ್ತೆರಡು ನಿಮಿಷ.’

“ಅವನು ಕೊನೇವರೆಗೆ ಕೇಳಿಬಿಟ್ಟಿದ್ರೆ?” ಅಂದೆ.

“ಕೇಳಿದ್ರೆ ನಾನು ಸೋತೆ. ಆದ್ರೆ ಅವನಿಗೆ ಸಂಗೀತ ಬಂತು ಅಂತ ಅರ್ಥ. ಬರಲ್ಲ.”

ನಂತರ ಸೋದರತ್ತೆಗೆ ಫೋನ್ ಮಾಡಿದಳು. ಮಗನ ಕಛೇರಿಗಳಿಗೆ ಅವರು ತಪ್ಪದೆ ಹೋಗುತ್ತಾರೆ, ಐದನೇ ನಿಮಿಷಕ್ಕೆ ತಪ್ಪದೆ ನಿದ್ದೆ ಹೋಗುತ್ತಾರೆ.

“ಅತ್ತೆ, ಈ ಸಲ ನಿದ್ದೆ ಮಾಡ್ಬೇಡಿ.”

“ಮೊಳೆ ಹೊಡೆದ ಹಾಗಿರುತ್ತಲ್ಲೇ ಅದು. ಹೇಗೆ ಎದ್ದಿರೋದು?”

“ಪೆಪ್ಪರ್‌ಮೆಂಟ್ ತಗೊಂಡು ಬನ್ನಿ. ಹದಿನಾಲ್ಕು ನಿಮಿಷ ಸಾಕು.”

ಭಾನುವಾರ ನಾಲ್ಕು ಗಂಟೆಗೆ, ಹಳೇ ಪೀಠೋಪಕರಣದ ಗೋದಾಮಿನಲ್ಲಿ ಎಂಬತ್ತು ಕುರ್ಚಿ. ಸೋದರತ್ತೆ ಮುಂದಿನ ಸಾಲು, ನಾವು ಕೊನೆಯ ಸಾಲು. ಬುಡ್ಡ ಬಂದು ತಲೆ ತಗ್ಗಿಸಿ ನಿಂತ. ಒಂದು ಗುಂಡಿ ಒತ್ತಿದ. ಆಮೇಲೆ ಹತ್ತು ನಿಮಿಷ ಅವನು ಕಣ್ಣು ಮುಚ್ಚಿ ಮುಂದಿದ್ದ ಯಂತ್ರದ ತಿರುಗಣೆಗಳನ್ನು ತಿರುಗಿಸಿದ್ದನ್ನು ನೋಡಬೇಕಿತ್ತು. ಶಸ್ತ್ರಚಿಕಿತ್ಸೆ ಮಾಡುವವರೂ ಅಷ್ಟು ಬೆವರುವುದಿಲ್ಲ. ಆ ತಿರುಗಣೆಗಳಿಗೂ ಸದ್ದಿಗೂ ಸಂಬಂಧವಿಲ್ಲ ಎಂಬುದು ಅಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು.

ಹತ್ತಕ್ಕೆ ಕರಕರ ನಿಂತಿತು. ಬುಡ್ಡನ ಕಣ್ಣು ತೆರೆಯಿತು. ಹನ್ನೆರಡಕ್ಕೆ ಹಲ್ಲು ನಿಂತಿತು. ಅವನು ತಿರುಗಣೆಗಳನ್ನು ನಿಜವಾಗಿಯೇ ತಿರುಗಿಸತೊಡಗಿದ. ಹದಿಮೂರಕ್ಕೆ ಗುದ್ದು ನಿಂತಿತು. ಬರೀ ಟಿಕ್ ಉಳಿಯಿತು. ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಇಡೀ ಸಂಜೆ ಒಂದೇ ಗುಂಡಿಯದೆಂದು ಎಲ್ಲರಿಗೂ ತಿಳಿಯುತ್ತಿತ್ತು. ಕೈ ಗುಂಡಿಯವರೆಗೆ ಹೋಗಿ ವಾಪಸು ಬಂತು.

ಹದಿನಾಲ್ಕಕ್ಕೆ ಸ್ಪೀಕರಿನಲ್ಲಿ ನಮ್ಮ ಮಾವ ಮಾತಾಡಿದರು.

“ಚುಕ್ಕಿ, ಸಾಕಾ? ಇನ್ನೂ ತಟ್ಟಬೇಕಾ?”

“ಇನ್ನೊಂದು ನಾಲ್ಕು ತಟ್ಟಪ್ಪ. ಮೇಜಿನ ಅಂಚಿಗೆ.”

“ಟೊಪ್ಪಿ ತಟ್ಟೋದನ್ನ ಕೇಳೋಕೆ ಜನ ಬರ್ತಾರಾ?”

“ಬರ್ತಾರೆ.”

“ಪಾಪ.” ಟಿಕ್. “ಬುಡ್ಡ ಎಲ್ಲಿ, ಕಾಣಿಸ್ತಿಲ್ಲ?”

“ಟೀ ತರೋಕೆ ಹೋಗಿದ್ದಾನೆ.”

“ಅದೊಂದು ಕೆಲಸ ಚೆನ್ನಾಗಿ ಮಾಡ್ತಾನೆ.”

ಟಿಕ್.

ಸಭೆ ನಕ್ಕಿತು. ಪತ್ರಿಕೆಯವನೊಬ್ಬ ಮೆಚ್ಚಿಕೊಂಡು ಬರೆದುಕೊಂಡ. ಒಂದೆರಡು ಚಪ್ಪಾಳೆಯೂ ಬಿದ್ದವು. ಚುಕ್ಕಿಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಮೂರು ವಾರದ ಹಗೆ ಅವನ ಪ್ರತಿಭೆಯ ಲೆಕ್ಕಕ್ಕೆ ಹೋಗುವುದರಲ್ಲಿತ್ತು. ಬುಡ್ಡನಿಗೂ ಅದು ಹೊಳೆಯಿತು. ಮೈಕಿಗೆ ಬಾಗಿ, “ಇದು ಎಲ್ಲೋ ಸಿಕ್ಕಿದ ಹಳೇ ಧ್ವನಿ” ಅಂದ.

ಮುಂದಿನ ಸಾಲಿನಲ್ಲಿ ಸೋದರತ್ತೆ ಎದ್ದು ನಿಂತರು.

“ಎಲ್ಲೋ ಸಿಕ್ಕಿದ್ದಾ? ಅದು ನನ್ನ ಅಣ್ಣ ಕಣೋ.”

ಚಪ್ಪಾಳೆ ನಿಂತಿತು.

“ಅಮ್ಮ, ಆಮೇಲೆ ಮಾತಾಡೋಣ.”

“ಆಮೇಲೆ ಯಾಕೆ? ಇಪ್ಪತ್ತೆರಡು ನಿಮಿಷ ಅಂತ ಹೊರಗೆ ಬರೆಸಿದ್ದೀಯ. ಇನ್ನೂ ಹೊತ್ತಿದೆ. ವಾಚಿನ ಪಟ್ಟಿ ಅಂದ್ಯಲ್ಲ ಪೇಪರಿನವರಿಗೆ? ನಂಗೂ ಹಾಗೇ ಹೇಳ್ದೆ. ಆ ಟೀವಿಯ ಹುಳಗಳಿಗೂ ಇದೇ ತಾನೆ ಹಾಕಿದ್ದು?”

ಟಿಕ್ ಬೀಳುತ್ತಲೇ ಇತ್ತು, ಪ್ರತಿ ಸಲವೂ ಒಂದೆಳೆ ತಡವಾಗಿ.

“ಇದನ್ನ ಮಾಡಿದ್ದು ಯಾರು? ಅದರಲ್ಲೇ ಹೇಳು,” ಎಂದು ಅತ್ತೆ ಮೈಕಿನ ಕಡೆ ಕೈ ತೋರಿಸಿದರು.

ಎಂಟು ಟಿಕ್ ಆದವು. ನಾನು ಎಣಿಸಿದೆ.

“ಚುಕ್ಕಿ,” ಅಂದ ಬುಡ್ಡ.

“ಎಲ್ಲಾನೂ?”

“ಎಲ್ಲಾನೂ. ಮುಂಚಿನದ್ದೂ.”

ಚುಕ್ಕಿ ನನ್ನ ಕಡೆ ತಿರುಗಿ, “ಮೈಕು ಸರಿಯಾಗಿತ್ತಾ ಅತ್ತಿಗೆ? ಇಲ್ಲೀವರೆಗೆ ಕೇಳಿಸ್ತಾ?” ಅಂದಳು.

“ಕೇಳಿಸ್ತು.”

“ಸರಿ, ಕೂತಿರಿ. ಇನ್ನೂ ಏಳು ನಿಮಿಷ ಇದೆ. ಅವನು ಅಲ್ಲೇ ನಿಂತಿರಲಿ.”

ನಿಂತಿದ್ದ. ಮಾವನವರು ಇಪ್ಪತ್ತೆರಡಕ್ಕೆ ತಟ್ಟುವುದನ್ನು ನಿಲ್ಲಿಸಿದರು.

ಜಾಹೀರಾತು ಮುಂದಿನ ತಿಂಗಳು ನಿಂತಿತು. ಆಲ್ಬಮ್ಮಿನ ಮೇಲೆ ಈಗ ಎರಡು ಹೆಸರಿವೆ, ತಾಳ ಮಗಳದು, ಟಿಕ್ ಅಪ್ಪನದು. ಫೋಲ್ಡರಿನ ಪಾಸ್‌ವರ್ಡ್ ಬದಲಾಗಿದೆ.