ಹದಿನೆಂಟು ಸೆಕೆಂಡಿನ ಕಾರು

ತನ್ನ ಕಾರನ್ನು ಗಂಡ ಪಣಕ್ಕಿಟ್ಟಿದ್ದಾನೆ ಎಂಬ ಸುದ್ದಿ ಸುವರ್ಣಮ್ಮನಿಗೆ ತಿಳಿದದ್ದು ಸಂಡೂರಿನಲ್ಲಿ, ತಮ್ಮನ ಮನೆಯ ಊಟದ ಪಂಕ್ತಿಯಲ್ಲಿ, ಎರಡನೇ ಹೋಳಿಗೆ ಬಾಯಲ್ಲಿದ್ದಾಗ. ಹೇಳಿದವನು ತಮ್ಮ ಮುರುಗೇಶನೇ.

"ಅಕ್ಕಾ, ಮಾವ ಈ ಸಲಾನೂ ರೇಸ್‌ನ್ಯಾಗ ನನಗ ಸೋತ್ರ ನಿನ್ನ ಕಾರು ನಮ್ಮ ಮನಿ ಮುಂದ ಬಂದು ನಿಂದ್ರತೈತಿ. ಮಾತಾಗೇತಿ."

"ಯಾರ್ನ ಕೇಳಿ ಮಾತಾಗೇತಿ?"

ಗಂಡ ಕೊಟ್ರಯ್ಯ ಎದುರಿಗೇ ಇದ್ದ ತುಪ್ಪದ ಬಟ್ಟಲನ್ನು ಎಲ್ಲೆಲ್ಲೋ ಹುಡುಕತೊಡಗಿದ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಐವತ್ತೆರಡರ ಈ ಗಂಡಸು ಹಮಾಲರ ಮುಂದೆ ಹುಲಿ. ಹೆಂಡತಿ ನೇರವಾಗಿ ಪ್ರಶ್ನೆ ಕೇಳಿದರೆ ಮಾತ್ರ ಅವನ ಕಿವಿ ಮಂದವಾಗುತ್ತಿತ್ತು.

ಆ ಬೆಳ್ಳಿ ಬಣ್ಣದ ಪುಟ್ಟ ಕಾರನ್ನು ಸುವರ್ಣಮ್ಮನ ಅಪ್ಪ ಸಾಯುವ ಹಿಂದಿನ ವರ್ಷ ಮಗಳ ಹೆಸರಿಗೇ ಕೊಡಿಸಿದ್ದ. ಕಂಪ್ಲಿಯಿಂದ ಹೊಸಪೇಟೆಗೆ ನಾಲ್ಕು ವರ್ಷ ಅವಳು ಅದನ್ನು ಒಬ್ಬಳೇ ಓಡಿಸಿಕೊಂಡು ಹೋಗಿ ಬಂದಿದ್ದಳು. ಆಮೇಲೆ ಕೊಟ್ರಯ್ಯನಿಗೆ ರೇಸಿನ ಹುಚ್ಚು ಹತ್ತಿತು. "ರೇಸಿನ ಗಾಡಿಗೆ ಕೈ ಬದಲಾಗಬಾರದು" ಎಂದು ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಅಲ್ಲಿಂದ ಅವಳು ಪಕ್ಕದ ಸೀಟಿನ ಹೆಂಗಸಾದಳು. ಮನೆಯಲ್ಲಿ ಇದಕ್ಕಿಂತ ದೊಡ್ಡ ಜಗಳಗಳಿದ್ದುದರಿಂದ ಅವಳು ಸುಮ್ಮನಿದ್ದಳು. ಸುಮ್ಮನಿದ್ದದ್ದು ತಪ್ಪಾಯಿತು ಎಂದು ಹೋಳಿಗೆ ನುಂಗುತ್ತ ಅವಳಿಗೆ ಅನ್ನಿಸಿತು.

ಆ ರೇಸೋ, ದೇವರಿಗೇ ಪ್ರೀತಿ. ವಡ್ಡು ಗ್ರಾಮದ ಆಚೆ ಬಸವಕುಮಾರ್ ಎಂಬುವರ ನಿಂತುಹೋದ ಕಲ್ಲಿನ ಕ್ರಷರ್ ಇತ್ತು. ಅದರೊಳಗಿನ ನೆಟ್ಟನೆಯ ಡಾಂಬರು ರಸ್ತೆಯಲ್ಲಿ ಪ್ರತಿ ಬೇಸಿಗೆಗೂ ಒಂದು ಭಾನುವಾರ ಓಟ. ಆದರೆ ಇಲ್ಲಿ ಜೋರಾಗಿ ಓಡಿದವನು ಗೆಲ್ಲುವುದಿಲ್ಲ. ನಾನೂರು ಮೀಟರ್ ದಾಟಲು ನಿನ್ನ ಗಾಡಿಗೆ ಎಷ್ಟು ಸೆಕೆಂಡು ಬೇಕು ಎಂಬುದನ್ನು ಮೊದಲೇ ಗಾಜಿನ ಮೇಲೆ ಸುಣ್ಣದಲ್ಲಿ ಬರೆಯಬೇಕು. ಬರೆದುದಕ್ಕೆ ಯಾರು ಹತ್ತಿರ ಬರುತ್ತಾರೋ ಅವರು ಗೆದ್ದರು. ಬರೆದುದಕ್ಕಿಂತ ಬೇಗ ಬಂದರೆ ಆ ಓಟವೇ ರದ್ದು. ಒಬ್ಬೊಬ್ಬರಿಗೆ ಎರಡು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಹೇಳಿದ ಮಾತಿನಂತೆ ನಡೆದುಕೊಳ್ಳಬೇಕಾದ ಇಂಥ ಆಟಕ್ಕೆ ತನ್ನ ಗಂಡ ಯಾವ ಧೈರ್ಯದಿಂದ ಇಳಿದನೋ ಸುವರ್ಣಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಹಿಂದಿನ ಎರಡು ವರ್ಷವೂ ಅವನು ಸೋತಿದ್ದ. ಬೆಳಿಗ್ಗೆ ಹದಿನೆಂಟು ಸೆಕೆಂಡಿಗೆ ಓಡಿದ ಕಾರು, ಮಧ್ಯಾಹ್ನ ಸಾಲಿನಲ್ಲಿ ಅರ್ಧ ತಾಸು ನಿಂತ ಮೇಲೆ ಹತ್ತೊಂಬತ್ತು ತೆಗೆದುಕೊಳ್ಳುತ್ತಿತ್ತು. ಕೊಟ್ರಯ್ಯ ಪೆಟ್ರೋಲ್ ಬಂಕ್ ಬದಲಿಸಿದ, ಟೈರ್ ಬದಲಿಸಿದ, ಕೊನೆಗೆ ಶರ್ಟಿನ ಬಣ್ಣವನ್ನೂ ಬದಲಿಸಿದ.

ಸಂಡೂರಿನಿಂದ ಬಂದ ಮಾರನೇ ದಿನವೇ ಸುವರ್ಣಮ್ಮ ಗಂಡನನ್ನೂ ಕಾರನ್ನೂ ಹೊರಡಿಸಿಕೊಂಡು ಹೊಸಪೇಟೆಯ ಮೆಕ್ಯಾನಿಕ್ ತಿಪ್ಪೇಶನ ಗ್ಯಾರೇಜಿಗೆ ಹೋದಳು. ತಿಪ್ಪೇಶ ಬಾನೆಟ್ ಎತ್ತಿ, ಎಂಜಿನ್ನಿನ ನೆತ್ತಿಯ ಲೋಹಕ್ಕೆ ಕಚ್ಚಿಕೊಂಡಿದ್ದ ಬೆರಳುದ್ದದ ಒಂದು ಸೆನ್ಸರ್ ತೋರಿಸಿದ.

"ಅಮ್ಮಾ, ಒಳಗ ಹೋಗೋ ಗಾಳಿ ಎಷ್ಟು ಬಿಸಿ ಐತಿ ಅಂತ ಕಂಪ್ಯೂಟರ್‌ಗೆ ಹೇಳಾದು ಇದು. ಗಾಡಿ ಬಿಸಲಾಗ ನಿಂತ್ರ ಲೋಹ ಕಾಯ್ತೈತಿ, ಇದೂ ಕಾಯ್ತೈತಿ. ಗಾಳಿ ಭಾಳ ಬಿಸಿ ಐತಿ ಅಂತ ಸುಳ್ಳು ಹೇಳ್ತೈತಿ. ಕಂಪ್ಯೂಟರ್ ಹೆದರಿ ಎಂಜಿನ್ನಿನ ಜೋರು ಕಡಿಮಿ ಮಾಡ್ತೈತಿ."

ಕೊಟ್ರಯ್ಯ ಎಲ್ಲ ತಿಳಿದವನಂತೆ ತಲೆಯಾಡಿಸಿದ. ತಿಳಿದದ್ದು ಸುವರ್ಣಮ್ಮನಿಗೆ. ಗಿರಣಿಯಲ್ಲಿ ಭತ್ತಕ್ಕೆ ಹಬೆ ಕೊಡುವ ತೊಟ್ಟಿಯ ಉಸ್ತುವಾರಿ ಅವಳದೇ. ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿನ ಥರ್ಮಾಮೀಟರನ್ನು ತೊಟ್ಟಿಯ ಕಬ್ಬಿಣದ ಗೋಡೆಗೆ ಕಟ್ಟಿದ್ದರು. ಅದು ಗೋಡೆಯ ಬಿಸಿ ಹೇಳುತ್ತಿತ್ತು, ಭತ್ತ ಒಳಗೆ ಅರೆಬೆಂದು ಕೂತಿರುತ್ತಿತ್ತು. ಅದನ್ನು ಕಿತ್ತು ಭತ್ತದ ನಡುವೆ ಚುಚ್ಚಿಸಿದವಳು ಅವಳು.

"ಹಂಗಾರ ಅದನ್ನ ಕಿತ್ತು ಗಾಳಿ ಬರೋ ದಾರ್‍ಯಾಗ ಇಡು. ಬಿಸಿ ಗ್ವಾಡಿಗೆ ಯಾಕ ಆತುಕೊಂಡು ಕುಂತೈತಿ ಅದು?"

"ಅದನ್ನ ಹೇಳಬೇಕಂತಿದ್ದೆ ನೋಡ್ರಿ," ಎಂದ ತಿಪ್ಪೇಶ.

"ನಾನೂ," ಎಂದ ಕೊಟ್ರಯ್ಯ.

ತಿಪ್ಪೇಶ ಹಳೆಯ ತೂತಿಗೆ ಬಿರಡೆ ಬಿಗಿದ. ಏರ್ ಫಿಲ್ಟರ್ ದಾಟಿದ ಕೂಡಲೇ ಸಿಗುವ ಪ್ಲಾಸ್ಟಿಕ್ ಪೈಪಿಗೆ ತೂತು ಕೊರೆದು ಸೆನ್ಸರನ್ನು ಅಲ್ಲಿ ಕೂರಿಸಿದ, ವೈರು ಉದ್ದ ಮಾಡಿದ. ಅದೇ ಮಧ್ಯಾಹ್ನ ಕ್ರಷರ್ ರಸ್ತೆಗೆ ಹೋಗಿ, ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ನಿಲ್ಲಿಸಿ ಮೂರು ಸಲ ಓಡಿಸಿ ನೋಡಿದರು. ಹದಿನೆಂಟು ಪಾಯಿಂಟ್ ಎರಡು, ಹದಿನೆಂಟು ಪಾಯಿಂಟ್ ಎರಡು, ಹದಿನೆಂಟು ಪಾಯಿಂಟ್ ಮೂರು. ಸಂಜೆಯೊಳಗೆ ಕಂಪ್ಲಿಯ ಚಹಾದಂಗಡಿಯಲ್ಲಿ ಇದು ಕೊಟ್ರಯ್ಯನ ಸ್ವಂತ ಸಂಶೋಧನೆಯಾಗಿತ್ತು.

ಭಾನುವಾರ ಬಂತು. ಬಿಸಿಲಿಗೆ ವಡ್ಡುವಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕೊಟ್ರಯ್ಯ ಗಾಜಿನ ಮೇಲೆ 18.2 ಎಂದು ಬರೆದ, ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಟ್ಟ. ಅಲ್ಲಿಗೆ ಸುಮ್ಮನಿದ್ದರೆ ಅವನು ಕೊಟ್ರಯ್ಯ ಹೇಗಾದಾನು? ಗಿರಣಿಯ ಹಳೆಯ ಡೀಸೆಲ್ ಎಂಜಿನ್ ಕಾಯ್ದಾಗಲೆಲ್ಲ ಒದ್ದೆ ಗೋಣಿಚೀಲ ಹೊದಿಸಿ ತಣಿಸುವುದು ಅವನ ಅಪ್ಪನ ಕಾಲದ ಪದ್ಧತಿ. ಹೆಂಡತಿ ನೀರು ತರಲು ಹೋದ ಹೊತ್ತು ನೋಡಿ, ಡಿಕ್ಕಿಯಿಂದ ಒಂದು ಗೋಣಿಚೀಲ ತೆಗೆದು, ಐಸ್ ನೀರಲ್ಲಿ ಅದ್ದಿ, ಏರ್ ಫಿಲ್ಟರಿನ ಬಾಯಿಗೂ ಪೈಪಿಗೂ ಸುತ್ತಿ ಬಾನೆಟ್ ಮುಚ್ಚಿದ.

ಕಾರು ಹಾರಿತು. ಅಷ್ಟು ಚೆನ್ನಾಗಿ ಅದು ಜನ್ಮದಲ್ಲೇ ಓಡಿರಲಿಲ್ಲ. ಹದಿನೇಳು ಪಾಯಿಂಟ್ ಎಂಟು!

ಕೊಟ್ರಯ್ಯ ಎರಡೂ ಕೈ ಎತ್ತಿಕೊಂಡು ಇಳಿದ. ಬಸವಕುಮಾರ್ ಪಟ್ಟಿಯಲ್ಲಿ ಗೀಟು ಎಳೆದು, "ರದ್ದು, ಗೌಡ್ರ" ಎಂದರು. ಮುರುಗೇಶ ತನ್ನ ಜೀಪಿಗೆ 20.5 ಎಂದು ಬರೆದು 20.6ರಲ್ಲಿ ಮುಗಿಸಿದ್ದ. ಅಕ್ಕನ ಕಾರನ್ನು ಎಲ್ಲಿ ನಿಲ್ಲಿಸಲಿ ಎಂದು ಆಗಲೇ ಗೆಳೆಯರನ್ನು ಕೇಳುತ್ತಿದ್ದ.

ಸುವರ್ಣಮ್ಮ ಬಾನೆಟ್ ಎತ್ತಿದಳು. ನೀರು ತೊಟ್ಟಿಕ್ಕುವ ಗೋಣಿಚೀಲವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಗಂಡನ ಹೆಗಲ ಮೇಲೆ ಹಾಕಿದಳು.

"ತಂಪಾಗ್ಲಿ ಅಂತ..." ಎಂದ ಅವನು.

"ನೀವು ತಂಪಾಗ್ರಿ. ಕೀಲಿ ಕೊಡ್ರಿ."

"ಲೇ, ಇದು ರೇಸ್. ಹೊಸಪ್ಯಾಟಿ ಸಂತಿಗೆ ಹ್ವಾದಂಗಲ್ಲ."

ಅವಳು ಬಸವಕುಮಾರ್ ಕಡೆ ತಿರುಗಿದಳು. "ಅಣ್ಣಾರ, ಗಾಡಿ ನಂದು. ಎರಡನೇ ಓಟ ನಾನು ಓಡಿಸಬೋದೇನ್ರಿ?"

"ಮಾಲಕರು ಓಡಿಸ್ತೀನಂದ್ರ ಬ್ಯಾಡನ್ನಾಕ ನಾನ್ಯಾರು ತಾಯಿ? ಕುಂದ್ರಿ."

ಗಂಡನ ಕೈಯಿಂದ ಕೀಲಿ ತೆಗೆದುಕೊಂಡು ಕೂತು, ಸೀಟು ಮುಂದಕ್ಕೆ ಎಳೆದುಕೊಂಡಳು. ಹೆದರಿಕೆ ಆಗಿಯೇ ಇತ್ತು. ಸೋತರೆ ಅಪ್ಪ ಕೊಟ್ಟದ್ದು ತನ್ನ ಕೈಯಾರೆ ಹೋಗುತ್ತದೆ. ಪೈಪು ಒಣಗಿ ಮೊದಲಿನ ಬಿಸಿಗೆ ಬರುವವರೆಗೆ ಕಾರನ್ನು ಬಿಸಿಲಲ್ಲೇ ನಿಲ್ಲಿಸಿಕೊಂಡು ಕಾಯ್ದಳು. ಹಿಂದಿನವರು ಹಾರ್ನ್ ಹೊಡೆದರು, ಹೊಡೆಯಲಿ ಎಂದು ಬಿಟ್ಟಳು. ಬಾವುಟ ಬಿದ್ದಾಗ ಯಾರಿಗೂ ಏನನ್ನೂ ತೋರಿಸುವ ಆತುರವಿಲ್ಲದೆ, ಪ್ರತಿ ಗೇರನ್ನೂ ಅದರ ಹೊತ್ತಿಗೆ ಹಾಕುತ್ತ, ನೆಟ್ಟಗೆ ಹೋದಳು.

ಹದಿನೆಂಟು ಪಾಯಿಂಟ್ ಎರಡು. ಕೂದಲೆಳೆಯೂ ಆಚೀಚೆ ಇಲ್ಲ.

ಮುರುಗೇಶನ ಎರಡನೇ ಓಟ 20.7ಕ್ಕೆ ಬಂತು. ಕಾರು ನಿಲ್ಲಿಸುವ ಜಾಗದ ಮಾತನ್ನು ಅವನು ಅಲ್ಲಿಗೆ ಬಿಟ್ಟ. ಕೊಟ್ರಯ್ಯ ಮಾತ್ರ ಒದ್ದೆ ಹೆಗಲು ಕುಣಿಸುತ್ತ, ಸೆನ್ಸರ್ ವಿಚಾರವನ್ನು ಇಬ್ಬರಿಗೆ ವಿವರಿಸಿ ಮುಗಿಸಿ, ಕಾರಿನ ಬಾಗಿಲಿಗೆ ಬಂದ.

"ನಮ್ಮ ಕಾರು ಉಳೀತು ನೋಡ! ಆ ಕಡಿ ಸೀಟಿಗೆ ಸರಿ, ಮನಿಗೆ ಹೋಗೂಣು."

ಸುವರ್ಣಮ್ಮನಿಗೆ ಎದೆ ತುಂಬಿ ಬಂದಿತ್ತು. ಅಷ್ಟು ಖುಷಿ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಗಾಜು ಅರ್ಧ ಇಳಿಸಿದಳು.

"ನನ್ನ ಕಾರು ಉಳೀತು. ನೀವು ಮನಿಗೆ ಹೆಂಗ ಬರ್ತೀರಿ?"

ಅವನು ಜೋಕು ಎಂದುಕೊಂಡು ನಕ್ಕ. ಅವಳು ಕ್ಲಚ್ ಬಿಟ್ಟಳು.